ನೋವು ನಿಂತ ಹಲ್ಲು



ಅಲೆವೂರಿನ ನನ್ನ ಕ್ಲಿನಿಕ್ಕಿಗೆ ಬರುವವರಿಂದ ನಾನು ಮತ್ತೆ ಮತ್ತೆ ಕೇಳುವ ಮಾತೊಂದಿದೆ. "ಕಳೆದ ಮಳೆಗಾಲದಲ್ಲಿ ಭಾರೀ ನೋವಿತ್ತು ಡಾಕ್ಟ್ರೆ. ಮೆಡಿಕಲ್‌ನಿಂದ ಮಾತ್ರೆ ತಂದು ತಗೊಂಡೆ. ಮತ್ತೆ ಅದರಷ್ಟಕ್ಕೆ ಹೋಯ್ತು. ಈಗ ಎಂತದೂ ಇಲ್ಲ."

ಹೀಗೆ ಹೇಳುವವರು ನೆಮ್ಮದಿಯಿಂದ ಇರುತ್ತಾರೆ. ನನಗೆ ಆತಂಕ ಶುರುವಾಗುವುದೇ ಆ ಮಾತು ಕೇಳಿದ ಮೇಲೆ. ರಾತ್ರಿಯಿಡೀ ನಿದ್ದೆಗೆಡಿಸಿದ ಹುಳುಕು ಹಲ್ಲು ಯಾವ ಚಿಕಿತ್ಸೆಯೂ ಇಲ್ಲದೆ ಸುಮ್ಮನಾಯಿತೆಂದರೆ, ಅದು ಗುಣವಾಯಿತೆಂದು ತಿಳಿಯಬಾರದು. ಬಹುಮಟ್ಟಿಗೆ ಅದರ ಒಳಗಿನ ಜೀವ ಹೋಗಿರುತ್ತದೆ. ನೋಯುವ ನರವೇ ಸತ್ತ ಮೇಲೆ ನೋವೆಲ್ಲಿಂದ ಬರಬೇಕು? ಆದರೆ ರೋಗ ಸತ್ತಿರುವುದಿಲ್ಲ. ಅದು ಹಲ್ಲಿನ ಬೇರಿನುದ್ದಕ್ಕೂ ಇಳಿದು, ಬೇರಿನ ತುದಿಯಿಂದ ಹೊರಬಿದ್ದು, ದವಡೆಯ ಎಲುಬನ್ನು ಹಿಡಿಯುತ್ತದೆ. ಈ ಪ್ರಯಾಣ ಹೇಗೆ ಸಾಗುತ್ತದೆ, ಅದನ್ನು ಎಲ್ಲಿ ತಡೆಯಬಹುದು ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ಬಾಯಲ್ಲಿರುವ ಸೂಕ್ಷ್ಮಜೀವಿಗಳ ವಿಚಾರ. 1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಮೇಲಿನ ಬಿಳಿಯ ಪಾಚಿಯನ್ನು ಕೆರೆದು, ತಾನೇ ಉಜ್ಜಿ ಮಾಡಿದ ಮಸೂರದಡಿ ಇಟ್ಟು ನೋಡಿದ. ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ಮನುಷ್ಯರ ಬಾಯಲ್ಲಿ 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ ಎಂಬುದು ಈಗ ಗೊತ್ತಾಗಿದೆ. ಆರೋಗ್ಯವಂತರ ಬಾಯಲ್ಲೂ ಅವು ಇದ್ದೇ ಇರುತ್ತವೆ. ನಾಲಿಗೆ, ಕೆನ್ನೆಯ ಒಳಮೈ, ವಸಡಿನ ಅಂಚು, ಎಲ್ಲ ಕಡೆಯೂ ಇವೆ. ಅವು ತಮ್ಮ ಜಾಗದಲ್ಲಿ ಇರುವಷ್ಟು ಕಾಲ ನಮಗೂ ಅವಕ್ಕೂ ಹೊಂದಾಣಿಕೆ ಇರುತ್ತದೆ. ಇರಬಾರದ ಜಾಗಕ್ಕೆ ಹೊಕ್ಕಾಗ ಅದೇ ಜೀವಿಗಳು ರೋಗಾಣುಗಳಾಗುತ್ತವೆ. ಹಾಗೆ ಹೊಗಬಾರದ ಜಾಗ ಯಾವುದೆಂದರೆ ಹಲ್ಲಿನ ತಿರುಳು.

ಹಲ್ಲಿನ ಹೊರಗವಚ ಎನಾಮಲ್. ನಮ್ಮ ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಬೇರೆ ಇಲ್ಲ. ಅದರ ತೂಕದಲ್ಲಿ ಶೇಕಡಾ 96ರಷ್ಟು ಖನಿಜವೇ. ಆದರೆ ಅದರಲ್ಲಿ ಜೀವಕೋಶಗಳಿಲ್ಲದ ಕಾರಣ ಒಮ್ಮೆ ಗುಳಿ ಬಿದ್ದರೆ ಮತ್ತೆ ಬೆಳೆಯುವುದಿಲ್ಲ. ನಾವು ತಿಂದ ಸಿಹಿಯನ್ನು ಹಲ್ಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಎನಾಮಲ್ಲನ್ನು ಕರಗಿಸುತ್ತದೆ. ಎನಾಮಲ್‌ನ ಕೆಳಗೆ ಇರುವುದು ಡೆಂಟಿನ್. ಹೊರಗಿನಿಂದ ನೋಡಿದರೆ ಅದೂ ಗಟ್ಟಿಯೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ತುಂಬ ಅತಿ ಸಣ್ಣ ಕೊಳವೆಗಳು. ತಿರುಳಿನ ಹತ್ತಿರ ಬಂದಂತೆ ಒಂದು ಚದರ ಮಿಲಿಮೀಟರಿನಷ್ಟು ಜಾಗದಲ್ಲೇ ಸುಮಾರು 45,000 ಕೊಳವೆಗಳಿರುತ್ತವೆ. ಬ್ಯಾಕ್ಟೀರಿಯಾ ನುಸುಳಲು ಆ ಕೊಳವೆಗಳ ಅಗಲ ಸಾಕು. ಈ ಕೊಳವೆಗಳ ಆಚೆಗೆ, ಹಲ್ಲಿನ ನಡುವೆ, ರಕ್ತನಾಳಗಳೂ ನರಗಳೂ ಕೂಡಿದ ಮೆತ್ತನೆಯ ತಿರುಳು ಇದೆ.

ಹುಳುಕು ಡೆಂಟಿನ್ ಮುಟ್ಟಿದಾಗ ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನುತ್ತದೆ. ಆಗಲೇ ಬಂದರೆ ಒಂದು ಫಿಲ್ಲಿಂಗ್‌ನಲ್ಲಿ ಕೆಲಸ ಮುಗಿಯುತ್ತದೆ. ಬಿಟ್ಟರೆ ಬ್ಯಾಕ್ಟೀರಿಯಾಗಳು ತಿರುಳಿನ ಹತ್ತಿರ ಬರುತ್ತವೆ, ತಿರುಳು ಉರಿಯೂತದಿಂದ ಉಬ್ಬಲು ನೋಡುತ್ತದೆ. ಕೈಗೆ ಪೆಟ್ಟು ಬಿದ್ದರೆ ಬಾತುಕೊಳ್ಳಲು ಜಾಗವಿದೆ. ಹಲ್ಲಿನೊಳಗೆ ಸುತ್ತಲೂ ಗಟ್ಟಿ ಗೋಡೆ, ಒಂದಿಷ್ಟೂ ಜಾಗವಿಲ್ಲ. ಒಳಗೆ ಒತ್ತಡ ಏರುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ನೋವು ಇನ್ನೂ ಜೋರಾಗುತ್ತದೆ. ಹಲ್ಲುನೋವಿನವರು ನಡುರಾತ್ರಿ ಎದ್ದು ಜಗಲಿಯಲ್ಲಿ ಕೂರುವುದು ಇದಕ್ಕಾಗಿಯೇ. ಬೇರಿನ ತುದಿಯಲ್ಲಿ ರಕ್ತ ಬಂದು ಹೋಗುವ ರಂಧ್ರ ಅರ್ಧ ಮಿಲಿಮೀಟರೂ ಇರುವುದಿಲ್ಲ. ಕೊನೆಗೆ ರಕ್ತಸಂಚಾರ ನಿಂತು ತಿರುಳು ಸಾಯುತ್ತದೆ. ನೋವು ನಿಲ್ಲುವುದು ಆಗ.

ಸತ್ತ ತಿರುಳಿನ ಆ ಜಾಗ ಬ್ಯಾಕ್ಟೀರಿಯಾಗಳಿಗೆ ಬಹಳ ಅನುಕೂಲ. ಬೆಚ್ಚಗಿದೆ, ತೇವವಿದೆ, ತಿನ್ನಲು ಸತ್ತ ಅಂಗಾಂಶವಿದೆ. ರಕ್ತ ಬಾರದ ಕಾರಣ ಬಿಳಿರಕ್ತಕಣಗಳ ಕಾಟವಿಲ್ಲ. ಆಮ್ಲಜನಕ ಕಡಿಮೆಯಾಗುತ್ತ ಹೋದಂತೆ, ಆಮ್ಲಜನಕ ಬೇಡದ ಬಗೆಯ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಫ್ಯೂಸೊಬ್ಯಾಕ್ಟೀರಿಯಂ, ಪ್ರಿವೊಟೆಲ್ಲಾ, ಪಾರ್ಫೈರೊಮೊನಾಸ್ ಮುಂತಾದವು ಇವೇ. ಇವು ಒಂಟಿಯಾಗಿರದೆ, ಒಂದರ ವಿಸರ್ಜನೆ ಇನ್ನೊಂದಕ್ಕೆ ಆಹಾರವಾಗುವಂತೆ ಗುಂಪುಕಟ್ಟಿ ಬೇರಿನ ಒಳಗೋಡೆಗೆ ಅಂಟಿಕೊಂಡು ಬದುಕುತ್ತವೆ. ಅವು ಹೊರಬಿಡುವ ವಿಷ ಬೇರಿನ ತುದಿಯ ರಂಧ್ರದಿಂದ ಆಚೆಗೆ ಒಸರುತ್ತದೆ.

ಅಲ್ಲಿ ಶರೀರ ಸುಮ್ಮನೆ ಕೂರುವುದಿಲ್ಲ. ರಕ್ಷಣೆಯ ಕಣಗಳನ್ನು ಕಳಿಸುತ್ತದೆ. ಆ ಹೋರಾಟಕ್ಕೆ ಜಾಗ ಬೇಕು. ಹಾಗಾಗಿ ಬೇರಿನ ತುದಿಯ ಸುತ್ತಲಿನ ಎಲುಬು ಕರಗಿ, ಆ ಜಾಗದಲ್ಲಿ ಮೆತ್ತನೆಯ ಅಂಗಾಂಶ ತುಂಬುತ್ತದೆ. ಎಲುಬನ್ನು ಕರಗಿಸುವುದು ಬಹುಪಾಲು ನಮ್ಮದೇ ಶರೀರದ ಕಣಗಳು. ಸೋಂಕು ಎಲುಬಿನೊಳಕ್ಕೆ ನುಗ್ಗದಂತೆ ಶರೀರ ತೆರುವ ಬೆಲೆ ಅದು. ಎಕ್ಸ್-ರೇಯಲ್ಲಿ ಇದು ಬೇರಿನ ತುದಿಯಲ್ಲಿ ಕಪ್ಪು ಮಚ್ಚೆಯಂತೆ ಕಾಣಿಸುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಒಂದಿಷ್ಟೂ ನೋವಿಲ್ಲದೆ ಈ ಮಚ್ಚೆಯನ್ನು ಹೊತ್ತು ತಿರುಗುತ್ತಾರೆ. ಯಾವತ್ತೋ ಶರೀರದ ಶಕ್ತಿ ಕುಗ್ಗಿದಾಗ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ಸಮತೋಲನ ಕೆಟ್ಟು ಕೀವು ತುಂಬಿ, ಬೆಳಗಾಗುವಷ್ಟರಲ್ಲಿ ಮುಖ ಬಾತಿರುತ್ತದೆ.

ಬೇರಿನ ಸುತ್ತಲಿನ ಈ ರೋಗಕ್ಕೆ ಕಾರಣ ಬ್ಯಾಕ್ಟೀರಿಯಾಗಳೇ ಎಂದು ವೈದ್ಯರು ಹೇಗೆ ಖಚಿತ ಮಾಡಿಕೊಂಡರು ಎಂಬುದನ್ನೂ ಹೇಳಬೇಕು. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್ 1894ರಲ್ಲೇ ಸತ್ತ ತಿರುಳಿನಲ್ಲಿ ಬ್ಯಾಕ್ಟೀರಿಯಾಗಳನ್ನು ಕಂಡಿದ್ದರು. ಆದರೆ ಅವು ರೋಗಕ್ಕೆ ಕಾರಣವೋ, ಸತ್ತ ಅಂಗಾಂಶವನ್ನು ತಿನ್ನಲು ಆಮೇಲೆ ಬಂದವೋ ಎಂಬ ಪ್ರಶ್ನೆ ಬಹುಕಾಲ ಉಳಿಯಿತು. ಉತ್ತರ ಸಿಕ್ಕಿದ್ದು 1965ರಲ್ಲಿ. ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಸ್‌ಜೆರಾಲ್ಡ್ ಎಂಬ ಮೂವರು ಎರಡು ಗುಂಪು ಇಲಿಗಳನ್ನು ತೆಗೆದುಕೊಂಡರು. ಒಂದು ಗುಂಪು ಸಾಮಾನ್ಯ ಇಲಿಗಳು. ಇನ್ನೊಂದು ಗುಂಪು ಹುಟ್ಟಿದಾಗಿನಿಂದ ಒಂದೂ ಸೂಕ್ಷ್ಮಜೀವಿ ಸೋಕದಂತೆ ಮುಚ್ಚಿದ ಪೆಟ್ಟಿಗೆಯೊಳಗೆ ಸಾಕಿದ ಇಲಿಗಳು. ಎರಡೂ ಗುಂಪಿನ ಇಲಿಗಳ ದವಡೆ ಹಲ್ಲನ್ನು ಕೊರೆದು, ತಿರುಳನ್ನು ತೆರೆದು, ಮುಚ್ಚದೆ ಹಾಗೆಯೇ ಬಿಟ್ಟರು. ತಿಂದ ಆಹಾರವೆಲ್ಲ ಆ ತೂತಿನೊಳಗೆ ಸೇರುತ್ತಿತ್ತು.

ಸಾಮಾನ್ಯ ಇಲಿಗಳಲ್ಲಿ ಎಂಟು ದಿನಗಳಲ್ಲೇ ತಿರುಳು ಕೊಳೆಯತೊಡಗಿತು, ಮುಂದೆ ಬೇರಿನ ತುದಿಯಲ್ಲಿ ಕೀವು ಕಟ್ಟಿತು. ಸೂಕ್ಷ್ಮಜೀವಿಗಳಿಲ್ಲದ ಇಲಿಗಳಲ್ಲಿ ಅಷ್ಟೇ ದೊಡ್ಡ ಗಾಯವಾಗಿದ್ದರೂ ಹಲ್ಲಿನೊಳಗೆ ಅಷ್ಟೇ ಆಹಾರ ಸೇರಿದ್ದರೂ ತಿರುಳು ಬದುಕಿ ಉಳಿಯಿತು. ಎರಡು ವಾರಗಳ ಹೊತ್ತಿಗೆ ಗಾಯದ ಮೇಲೆ ಹೊಸ ಡೆಂಟಿನ್ ಕಟ್ಟಲು ಶುರುವಾಗಿ, ಮೂರು ನಾಲ್ಕು ವಾರಗಳಲ್ಲಿ ತೂತು ಒಳಗಿನಿಂದಲೇ ಮುಚ್ಚಿಕೊಂಡಿತು. ಇಲ್ಲಿ ಹಲ್ಲನ್ನು ಕೊಂದದ್ದು ಗಾಯವಲ್ಲ, ಬ್ಯಾಕ್ಟೀರಿಯಾ. ಅವನ್ನು ದೂರವಿಟ್ಟರೆ ಹಲ್ಲು ತನ್ನನ್ನು ತಾನೇ ಉಳಿಸಿಕೊಳ್ಳಬಲ್ಲದು. ಇಂದಿನ ರೂಟ್ ಕೆನಾಲ್ ಚಿಕಿತ್ಸೆಯ ತಳಪಾಯವೇ ಈ ತಿಳಿವು.

ಅದೇ 1965ರಲ್ಲಿ ಅಲೆವೂರಿನಿಂದ ಕೆಲವೇ ಕಿಲೋಮೀಟರ್ ದೂರದ ಮಣಿಪಾಲದ ಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈ ಅವರು ದಂತ ವೈದ್ಯಕೀಯ ಕಾಲೇಜು ತೆರೆದರು. 1953ರಲ್ಲಿ ಶುರುವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ನಂತರ ಈ ಭಾಗಕ್ಕೆ ಅವರು ಕೊಟ್ಟ ಇನ್ನೊಂದು ದೊಡ್ಡ ಕೊಡುಗೆ ಅದು. ಹಲ್ಲುನೋವೆಂದರೆ ಕೀಳುವುದೊಂದೇ ಮದ್ದು ಎಂದಿದ್ದ ಕಾಲದಲ್ಲಿ, ಹಲ್ಲು ಉಳಿಸುವ ವಿದ್ಯೆ ನಮ್ಮ ಮನೆಬಾಗಿಲಿಗೆ ಬಂತು.

1976ರಲ್ಲಿ ಸ್ವೀಡನ್ನಿನ ಉಮಿಯೊದಲ್ಲಿ ಸುಂಡ್‌ಕ್ವಿಸ್ಟ್ ಎಂಬವರು, ಇಲಿಗಳಲ್ಲಿ ಕಂಡ ಬ್ಯಾಕ್ಟೀರಿಯಾಗಳ ಪಾತ್ರವನ್ನು ಮನುಷ್ಯರ ಹಲ್ಲುಗಳಲ್ಲೇ ತೋರಿಸಿದರು. ಪೆಟ್ಟು ಬಿದ್ದು ತಿರುಳು ಸತ್ತಿದ್ದ 32 ಹಲ್ಲುಗಳನ್ನು ಅವರು ಪರೀಕ್ಷಿಸಿದರು. ಬೇರಿನ ತುದಿಯಲ್ಲಿ ಎಲುಬು ಕರಗಿದ್ದ 19 ಹಲ್ಲುಗಳ ಪೈಕಿ 18ರಲ್ಲಿ ಬ್ಯಾಕ್ಟೀರಿಯಾ ಇದ್ದವು. ಎಲುಬು ಗಟ್ಟಿಯಾಗಿದ್ದ 13 ಹಲ್ಲುಗಳಲ್ಲಿ ಒಂದರಲ್ಲೂ ಇರಲಿಲ್ಲ. ತಿರುಳು ಸತ್ತ ಮಾತ್ರಕ್ಕೆ ಎಲುಬು ಕರಗುವುದಿಲ್ಲ, ಅಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಬೇಕು ಎಂಬುದು ಇದರಿಂದ ಗಟ್ಟಿಯಾಯಿತು. ಹುಳುಕಿಲ್ಲದ ಹಲ್ಲಿಗೂ ಈ ರೋಗ ಬರಬಹುದು ಎಂಬುದನ್ನೂ ಇಲ್ಲಿ ಗಮನಿಸಿ. ಬೈಕಿನಿಂದ ಬಿದ್ದೋ, ಆಟದಲ್ಲಿ ಪೆಟ್ಟು ತಿಂದೋ ಮುಂದಿನ ಹಲ್ಲಿಗೆ ಏಟಾಗಿದ್ದರೆ, ಮುರಿಯದಿದ್ದರೂ ತೋರಿಸಬೇಕು. ಕೆಲವು ವರ್ಷಗಳ ಮೇಲೆ ಅದು ಕಪ್ಪಾದಾಗ ತಿರುಳು ಸತ್ತು ಎಷ್ಟೋ ಕಾಲವಾಗಿರುತ್ತದೆ.

ಈ ರೋಗ ಹೇಗೆ ಅಡಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಶಂಕರಪುರದ ಕಡೆಯಿಂದ ಮಲ್ಲಿಗೆ ಕೃಷಿಯ ಅಮ್ಮ ಒಬ್ಬರು ಬಂದಿದ್ದರು. "ನೋವು ಎಂತ ಇಲ್ಲ ಡಾಕ್ಟ್ರೆ. ವಸಡಿನಲ್ಲಿ ಒಂದು ಬೊಕ್ಕೆ ಬರ್ತದೆ, ಒಡೆದು ಹೋಗ್ತದೆ, ಪುನಃ ಬರ್ತದೆ. ಬಾಯಿಗೆ ಉಪ್ಪುಪ್ಪು ರುಚಿ" ಅಂದರು. ಕೆಳದವಡೆಯ ಎರಡು ಹಲ್ಲುಗಳ ನಡುವೆ, ವಸಡಿನ ಮೇಲೆ ಸಣ್ಣ ಗುಳ್ಳೆಯೊಂದಿತ್ತು. ಒತ್ತಿದರೆ ಒಂದು ಹನಿ ಕೀವು. ಯಾವ ಹಲ್ಲಿನದೆಂದು ಕಣ್ಣಿಗೆ ಗೊತ್ತಾಗುವಂತಿರಲಿಲ್ಲ. ಅವರ ಬೆರಳು ತೋರಿಸಿದ್ದು ಗುಳ್ಳೆಗೆ ಹತ್ತಿರವಿದ್ದ ಹಲ್ಲನ್ನು.

ಇಂಥಲ್ಲಿ ನಾವು ಬೇರು ತುಂಬಲು ಬಳಸುವ ಗಟ್ಟಾಪರ್ಚದ ತೆಳುವಾದ ಕಡ್ಡಿಯನ್ನು ಗುಳ್ಳೆಯ ಬಾಯಿಯೊಳಕ್ಕೆ ಮೆಲ್ಲನೆ ಜಾರಿಸುತ್ತೇವೆ. ನೋವಾಗುವುದು ಕಡಿಮೆ. ಕಡ್ಡಿ ಕೀವು ಬಂದ ದಾರಿಯನ್ನೇ ಹಿಡಿದು ಒಳಗೆ ಹೋಗುತ್ತದೆ. ಆಮೇಲೆ ಎಕ್ಸ್-ರೇ ತೆಗೆದರೆ ಬಿಳಿಗೆರೆಯಾಗಿ ಕಾಣುತ್ತದೆ. ಆ ಅಮ್ಮನ ಎಕ್ಸ್-ರೇಯಲ್ಲಿ ಬಿಳಿಗೆರೆ ಹತ್ತಿರದ ಹಲ್ಲನ್ನು ಬಿಟ್ಟು, ಓರೆಯಾಗಿ ಸಾಗಿ, ಅದರ ಹಿಂದಿನ ಹಲ್ಲಿನ ಬೇರಿನ ತುದಿಗೆ ಮುಟ್ಟಿತ್ತು. ಅಲ್ಲಿ ಕಪ್ಪು ಮಚ್ಚೆ. ಅವರು ಕೀಳಿಸಲು ಬಂದದ್ದು ಆರೋಗ್ಯವಾದ ಹಲ್ಲನ್ನು. ಅದನ್ನು ಮುಟ್ಟದೆ ಹಿಂದಿನ ಹಲ್ಲಿನ ಬೇರನ್ನು ಸ್ವಚ್ಛ ಮಾಡಿದೆವು. ಮುಂದಿನ ವಾರ ಬರುವಷ್ಟರಲ್ಲಿ ಗುಳ್ಳೆ ಬತ್ತಿತ್ತು. ಮುಂದಿನ ವರ್ಷದ ಎಕ್ಸ್-ರೇಯಲ್ಲಿ ಮಚ್ಚೆಯ ಜಾಗಕ್ಕೆ ಎಲುಬು ತುಂಬಿ ಬಂದಿತ್ತು. ಗುಳ್ಳೆಗೆ ಯಾವ ಮುಲಾಮನ್ನೂ ಹಚ್ಚಿರಲಿಲ್ಲ.

ಈಗ ಮಾತ್ರೆಯ ವಿಷಯ. "ಆ್ಯಂಟಿಬಯಾಟಿಕ್ ಕೊಡಿ ಡಾಕ್ಟ್ರೆ, ಅದರಲ್ಲೇ ಹೋಗ್ತದೆ" ಎನ್ನುವವರು ಬಹಳ. ನಾವು ನುಂಗಿದ ಮಾತ್ರೆ ರಕ್ತದ ಮೂಲಕವೇ ರೋಗದ ಜಾಗಕ್ಕೆ ತಲುಪಬೇಕು. ತಿರುಳು ಸತ್ತ ಹಲ್ಲಿನೊಳಗೆ ರಕ್ತಸಂಚಾರವೇ ಇಲ್ಲ. ತೋಡು ಮುಚ್ಚಿಹೋದ ಗದ್ದೆಗೆ, ಮೇಲೆ ಕಟ್ಟದಲ್ಲಿ ಎಷ್ಟು ನೀರು ಬಿಟ್ಟರೂ ತಲುಪುವುದಿಲ್ಲ. ಮಾತ್ರೆಯಿಂದ ಹೊರಗಿನ ಬಾವು ನಾಲ್ಕು ದಿನ ಇಳಿಯಬಹುದು. ಬೇರಿನೊಳಗಿನ ಬ್ಯಾಕ್ಟೀರಿಯಾಗಳು ಹಾಗೇ ಇರುತ್ತವೆ, ಮತ್ತೆ ಬರುತ್ತವೆ. ಅರ್ಧಂಬರ್ಧ ಮಾತ್ರೆ ನುಂಗುವ ಅಭ್ಯಾಸದಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ನಾಳೆ ನಿಜವಾಗಿ ಬೇಕಾದಾಗ ಔಷಧ ಕೈಕೊಡುತ್ತದೆ. ಜ್ವರ ಬಂದಾಗ, ಬಾವು ಹರಡುತ್ತಿರುವಾಗ ಆ್ಯಂಟಿಬಯಾಟಿಕ್ ಬೇಕು. ಆಗಲೂ ಅದು ಹಲ್ಲಿನ ಚಿಕಿತ್ಸೆಯ ಜೊತೆಗೆ, ವೈದ್ಯರು ಬರೆದುಕೊಟ್ಟಷ್ಟೇ.

ಮನೆಮದ್ದುಗಳ ಪೈಕಿ ಲವಂಗದೆಣ್ಣೆಗೆ ನೋವು ತಗ್ಗಿಸುವ ಗುಣ ನಿಜಕ್ಕೂ ಇದೆ. ಅದರಲ್ಲಿರುವ ಯೂಜಿನಾಲ್ ನರವನ್ನು ಮರಗಟ್ಟಿಸುತ್ತದೆ, ನಾವೂ ಅದನ್ನು ಬಳಸುತ್ತೇವೆ. ವೈದ್ಯರ ಬಳಿ ಹೋಗುವವರೆಗೆ ಹತ್ತಿಯಲ್ಲಿ ಒಂದು ಹನಿ ಇಟ್ಟುಕೊಳ್ಳಬಹುದು. ಹೊಗೆಸೊಪ್ಪು ಇಡಬೇಡಿ. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲೆ ಇಡಬೇಡಿ, ಅದು ವಸಡನ್ನು ಸುಡುತ್ತದೆ. ಮುಖ ಬಾತಾಗ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಬಹುದು.

ಕೆಲವು ಲಕ್ಷಣಗಳು ಕಂಡರೆ ಒಂದು ರಾತ್ರಿಯೂ ಕಾಯಬಾರದು. ಗಲ್ಲದ ಕೆಳಗೆ ಎರಡೂ ಕಡೆ ಗಟ್ಟಿಯಾಗಿ ಬಾತು, ನಾಲಿಗೆ ಮೇಲಕ್ಕೆದ್ದು, ನುಂಗಲು ಕಷ್ಟವಾಗಿ, ಜೊಲ್ಲು ಸುರಿಯುತ್ತಿದ್ದರೆ ಅದು ಪ್ರಾಣಕ್ಕೆ ಅಪಾಯ. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ಇದನ್ನು ವಿವರಿಸಿದರು. ಕೆಳದವಡೆಯ ಹಿಂದಿನ ಹಲ್ಲುಗಳ ಬೇರು ನಾಲಿಗೆಯ ಕೆಳಗಿನ ಸ್ನಾಯುವಿಗಿಂತ ತಗ್ಗಿನಲ್ಲಿರುವುದರಿಂದ, ಅಲ್ಲಿನ ಕೀವು ನೇರ ಕುತ್ತಿಗೆಯ ಕಡೆ ಇಳಿದು ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ಆ್ಯಂಟಿಬಯಾಟಿಕ್ ಬರುವ ಮುಂಚೆ ಇದು ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಮೇಲಿನ ಹಲ್ಲಿನಿಂದ ಬಾವು ಏರಿ ಕಣ್ಣು ಮುಚ್ಚಿದರೂ, ಬಾಯಿ ತೆರೆಯಲಾಗದಿದ್ದರೂ, ಚಳಿಜ್ವರ ಬಂದರೂ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಹೃದಯದ ಕವಾಟದ ಕಾಯಿಲೆ ಇರುವವರು, ಕೃತಕ ಕವಾಟ ಹಾಕಿಸಿಕೊಂಡವರು ಅದನ್ನು ದಂತವೈದ್ಯರಿಗೆ ಮೊದಲೇ ಹೇಳಿ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕವಾಟದ ಮೇಲೆ ಕೂರುವ ಅಪಾಯ ಅವರಿಗೆ ಹೆಚ್ಚು.

ನಮ್ಮಲ್ಲಿ ಎರಡು ಭಯಗಳು ಬೇರೂರಿವೆ. ಮೇಲಿನ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಹೋಗುತ್ತದೆ ಎಂಬುದು ಒಂದು. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. ಕೀಳಿಸದೆ ಕೀವು ಮೇಲೇರಲು ಬಿಟ್ಟರೆ ಮಾತ್ರ ಕಣ್ಣಿಗೆ ಅಪಾಯ. ರೂಟ್ ಕೆನಾಲ್ ಮಾಡಿಸಿದ ಹಲ್ಲಿನಿಂದ ಮೈಯೆಲ್ಲ ರೋಗ ಬರುತ್ತದೆ ಎಂಬುದು ಇನ್ನೊಂದು, ಇದು ಈಗ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಹೊಸ ಮಾತಲ್ಲ. 1910ರ ಹೊತ್ತಿಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ ಎತ್ತಿದ ವಾದದಿಂದ ಹೆದರಿ, ಪಾಶ್ಚಾತ್ಯ ದೇಶಗಳಲ್ಲಿ ಲೆಕ್ಕವಿಲ್ಲದಷ್ಟು ಜನರ ಹಲ್ಲುಗಳನ್ನು ಸುಮ್ಮನೆ ಕಿತ್ತರು. ಕಿತ್ತವರ ರೋಗಗಳು ವಾಸಿಯಾಗಲಿಲ್ಲ, ಆ ವಾದ ಬಿದ್ದುಹೋಯಿತು. ಸೋಂಕನ್ನು ಒಳಗಿಟ್ಟುಕೊಳ್ಳುವುದೇ ಅಪಾಯ. ಅದನ್ನು ತೆಗೆದು ಮುಚ್ಚಿದ ಹಲ್ಲಿನಿಂದ ಭಯವಿಲ್ಲ.

ರೂಟ್ ಕೆನಾಲ್ ಅಂದರೆ ಇಷ್ಟೇ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಜೊಲ್ಲು ಹಲ್ಲಿಗೆ ತಾಗದಂತೆ ತೆಳುವಾದ ರಬ್ಬರ್ ಹಾಳೆ ಕಟ್ಟಿ, ಸಣ್ಣ ಅರಗಳಿಂದ ಬೇರಿನ ಒಳಗನ್ನು ಕೆರೆದು, ಬ್ಯಾಕ್ಟೀರಿಯಾ ಕೊಲ್ಲುವ ದ್ರಾವಣದಲ್ಲಿ ತೊಳೆದು, ಒಣಗಿಸಿ, ಗಟ್ಟಾಪರ್ಚ ತುಂಬಿ ಮುಚ್ಚುವುದು. ಆಮೇಲೆ ಮೇಲೆ ಕ್ಯಾಪ್ ಹಾಕಿಸಬೇಕು. ನೋವು ಹೋಯಿತೆಂದು ಕ್ಯಾಪ್ ಹಾಕಿಸದೆ ಬಿಟ್ಟರೆ ಹಲ್ಲು ಸೀಳಬಹುದು, ಜೊಲ್ಲು ಒಳಗೆ ಇಳಿದು ಬ್ಯಾಕ್ಟೀರಿಯಾಗಳು ಮತ್ತೆ ಮನೆ ಮಾಡಬಹುದು. ಹಲ್ಲು ಉಳಿಸುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಕೀಳಿಸುವುದೂ ಸರಿಯಾದ ಚಿಕಿತ್ಸೆಯೇ. ರೋಗದ ಮೂಲ ಹೋಗಬೇಕು, ಅದು ಮುಖ್ಯ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ರೋಗಗಳಿವೆ. ಇದರಲ್ಲಿ ಬಹುಪಾಲು ತಡೆಯಬಹುದಾದದ್ದು. ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿ. ಸಿಹಿ ತಿಂದರೆ ಊಟದ ಜೊತೆ ತಿನ್ನಿ. ದಿನದಲ್ಲಿ ಐದಾರು ಸಲ ಸಕ್ಕರೆ ಹಾಕಿದ ಚಾ, ಜೊತೆಗೆ ಬನ್ಸು ಬಿಸ್ಕತ್ತು ಆದರೆ ಹಲ್ಲಿಗೆ ಆಮ್ಲದಿಂದ ಬಿಡುವೇ ಇರುವುದಿಲ್ಲ.

ತಾಯಂದಿರಿಗೆ ಒಂದು ಮಾತು. ಮಗುವಿಗೆ ಆರು ವರ್ಷವಾಗುವಾಗ ಹಾಲುಹಲ್ಲುಗಳ ಹಿಂದೆ ದೊಡ್ಡ ದವಡೆ ಹಲ್ಲೊಂದು ಮೂಡುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿದು, "ಹೇಗೂ ಬೀಳುವ ಹಲ್ಲಲ್ಲವಾ" ಎಂದು ಬಿಟ್ಟುಬಿಡುತ್ತಾರೆ. ಅದು ಜೀವನಪರ್ಯಂತದ ಹಲ್ಲು. ಹತ್ತು ಹನ್ನೆರಡು ವರ್ಷದ ಮಕ್ಕಳಲ್ಲಿ ಬೇರಿಗೆ ಸೋಂಕು ತಗುಲಿ ನಾವು ಕಾಣುವುದು ಹೆಚ್ಚಾಗಿ ಅದೇ ಹಲ್ಲಿನಲ್ಲಿ.

ಇವತ್ತು ರಾತ್ರಿ ಮನೆಯವರೆಲ್ಲರ ಬಾಯನ್ನು ಟಾರ್ಚ್ ಹಾಕಿ ಒಮ್ಮೆ ನೋಡಿ. ಕಪ್ಪಾದ ಹಲ್ಲು, ತೂತಾದ ಹಲ್ಲು, ವಸಡಿನ ಮೇಲೆ ಬಂದು ಹೋಗುವ ಗುಳ್ಳೆ, ಹಿಂದೆ ನೋಯುತ್ತಿದ್ದು ಈಗ ಸುಮ್ಮನಾದ ಹಲ್ಲು, ಇವುಗಳಲ್ಲಿ ಒಂದು ಕಂಡರೂ ನೋವು ಬರಲೆಂದು ಕಾಯದೆ ತೋರಿಸಿ. ಊರಿನ ದಂತವೈದ್ಯರು, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಣಿಪಾಲದ ದಂತ ಕಾಲೇಜು, ಯಾವುದು ನಿಮಗೆ ಅನುಕೂಲವೋ ಅಲ್ಲಿಗೆ ಹೋಗಿ. ಒಂದು ಎಕ್ಸ್-ರೇಯಲ್ಲಿ ವಿಷಯ ತಿಳಿಯುತ್ತದೆ. ಬೇಗ ಬಂದರೆ ಹಲ್ಲೂ ಉಳಿಯುತ್ತದೆ, ಎಲುಬೂ ಉಳಿಯುತ್ತದೆ, ಖರ್ಚೂ ಕಡಿಮೆ. ದಯವಿಟ್ಟು ತಡ ಮಾಡಬೇಡಿ.